"ಬಿಡು" ಎನ್ನುವ ಮೊದಲು "ಸಿದ್ಧರಿದ್ದೀರಾ?" ಎಂದು ಕೇಳಿದ ಮನಃಶಾಸ್ತ್ರಜ್ಞ ಡಾ| ಜೇಮ್ಸ್ ಪ್ರೊಚಾಸ್ಕಾ

ದುಶ್ಚಟ ಬಿಡಿ ಎಂದು ಬುದ್ಧಿವಾದ ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ವೈದ್ಯರು ಹೇಳುತ್ತಾರೆ, ಮನೆಯ ಹಿರಿಯರು ಹೇಳುತ್ತಾರೆ, ಹೆಂಡತಿ ಮಕ್ಕಳು ಕಣ್ಣೀರಿಟ್ಟು ಹೇಳುತ್ತಾರೆ. ಆದರೂ ಬೀಡಿ, ಸಿಗರೇಟು, ಗುಟ್ಕಾ, ಮದ್ಯಕ್ಕೆ ಅಂಟಿಕೊಂಡವರಲ್ಲಿ ಹೆಚ್ಚಿನವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ. ಕೊನೆಗೆ "ಅವರಿಗೆ ಮನಸ್ಸೇ ಇಲ್ಲ, ನಾವೇನು ಮಾಡೋಣ?" ಎಂದು ಮನೆಯವರು ಕೈಚೆಲ್ಲುತ್ತಾರೆ. ಈ "ಮನಸ್ಸಿಲ್ಲ" ಎಂಬ ಮಾತನ್ನೇ ಸಂಶೋಧನೆಯ ವಿಷಯವನ್ನಾಗಿಸಿಕೊಂಡು, ಸುಮಾರು ಐದು ದಶಕಗಳ ಕಾಲ ಅಧ್ಯಯನ ನಡೆಸಿದವರು ಅಮೆರಿಕದ ಮನಃಶಾಸ್ತ್ರಜ್ಞ ಡಾ| ಜೇಮ್ಸ್ ಪ್ರೊಚಾಸ್ಕಾ. ಆರೋಗ್ಯ ಸಂಬಂಧಿ ನಡವಳಿಕೆಗಳನ್ನು ಬದಲಾಯಿಸಿಕೊಳ್ಳುವ ಬಗ್ಗೆ ಇಂದು ಜಗತ್ತಿನಲ್ಲಿ ಎಲ್ಲಿಯೇ ಪಾಠ ನಡೆದರೂ ಅವರ ಹೆಸರು ಬಾರದೆ ಇರುವುದು ಅಪರೂಪ.

ತಂದೆಯ ಸಾವು ತೋರಿದ ದಾರಿ

1942ರಲ್ಲಿ ಜನಿಸಿದ ಪ್ರೊಚಾಸ್ಕಾ ಅವರು ವಿದ್ಯಾಭ್ಯಾಸ ಮಾಡಿದ್ದು ಡೆಟ್ರಾಯ್ಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಅವರಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಮದ್ಯವ್ಯಸನ ಮತ್ತು ಖಿನ್ನತೆಗೆ ತುತ್ತಾಗಿ ಅವರ ತಂದೆ ತೀರಿಕೊಂಡರು. ತನಗೆ ಸಮಸ್ಯೆಯಿದೆ ಎಂದು ತಂದೆ ಒಪ್ಪಲೇ ಇಲ್ಲ; ಮನೋಚಿಕಿತ್ಸೆಯ ಮೇಲೆ ಅವರಿಗೆ ನಂಬಿಕೆಯೂ ಇರಲಿಲ್ಲ. ಮನೆಯವರು ಎಷ್ಟು ಪ್ರಯತ್ನಿಸಿದರೂ ಫಲ ಸಿಗಲಿಲ್ಲ. ಚಿಕಿತ್ಸೆ ಎಂಬುದು ಇದ್ದರೂ ಅದರ ಬಾಗಿಲಿಗೇ ಬಾರದವರ ಗತಿಯೇನು ಎಂಬ ಪ್ರಶ್ನೆ ಮಗನ ಜೀವನದ ಕೆಲಸವಾಯಿತು.

1969ರಲ್ಲಿ ಡಾಕ್ಟರೇಟ್ ಪಡೆದ ಅವರು ಅದೇ ವರ್ಷ ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ ಸೇರಿಕೊಂಡರು. ರೋಡ್ ಐಲೆಂಡ್ ಎಂದರೆ ಅಮೆರಿಕದ ಅತ್ಯಂತ ಚಿಕ್ಕ ರಾಜ್ಯ. ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳ ಬೆನ್ನು ಹತ್ತದೆ, ಅಲ್ಲಿಯೇ ನೆಲೆನಿಂತು ಕ್ಯಾನ್ಸರ್ ತಡೆ ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದ ಹಿರಿಮೆ ಅವರದು.

ತಾವಾಗಿಯೇ ಬಿಟ್ಟವರ ಬೆನ್ನು ಹತ್ತಿ

ಆ ಕಾಲದಲ್ಲಿ ಮನೋಚಿಕಿತ್ಸೆಯ ಹತ್ತಾರು ಪಂಥಗಳಿದ್ದು, ಪ್ರತಿಯೊಂದೂ ತನ್ನದೇ ಸರಿ ಎಂದು ವಾದಿಸುತ್ತಿತ್ತು. ಪ್ರೊಚಾಸ್ಕಾ ಅವರು ಮುಖ್ಯ ಪಂಥಗಳನ್ನೆಲ್ಲ ಅಭ್ಯಸಿಸಿ, ಎಲ್ಲದರಲ್ಲೂ ಸಮಾನವಾಗಿರುವ ಸಂಗತಿ ಏನೆಂಬುದನ್ನು ಹುಡುಕಿ 1979ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಆದರೆ ಅವರಿಗೆ ಹೆಸರು ತಂದುಕೊಟ್ಟದ್ದು ಅದರ ನಂತರದ ಕೆಲಸ. ಅವರ ವಿದ್ಯಾರ್ಥಿಯಾಗಿದ್ದ ಕಾರ್ಲೊ ಡಿಕ್ಲೆಮೆಂಟೆ ಅವರೊಂದಿಗೆ ಸೇರಿ, ಯಾವ ಚಿಕಿತ್ಸಾಲಯದ ಮೆಟ್ಟಿಲನ್ನೂ ಹತ್ತದೆ ತಮ್ಮಷ್ಟಕ್ಕೇ ಸಿಗರೇಟು ಬಿಡುತ್ತಿದ್ದವರ ಕಡೆ ಅವರು ಗಮನ ಹರಿಸಿದರು. ಇಂತಹ 872 ಮಂದಿಯನ್ನು ಕುರಿತ ಅಧ್ಯಯನ 1983ರಲ್ಲಿ ಪ್ರಕಟವಾಯಿತು.

ಚಟ ಬಿಡುವುದೆಂದರೆ ಒಂದು ದಿನದ ತೀರ್ಮಾನವಲ್ಲ, ಅದು ಹಂತ ಹಂತವಾಗಿ ಸಾಗುವ ಪ್ರಯಾಣ ಎಂಬುದು ಈ ಅಧ್ಯಯನದ ತಿರುಳು. ಮುಂದಿನ ವರ್ಷಗಳಲ್ಲಿ ಪಕ್ವಗೊಂಡ ರೂಪದಲ್ಲಿ ಈ ಹಂತಗಳು ಐದು. ಮೊದಲನೆಯದರಲ್ಲಿ ವ್ಯಕ್ತಿಗೆ ಬಿಡುವ ಯೋಚನೆಯೇ ಇರುವುದಿಲ್ಲ. ಎರಡನೆಯದರಲ್ಲಿ ಮುಂದಿನ ಆರು ತಿಂಗಳೊಳಗೆ ಬಿಡಬೇಕು ಎಂಬ ಆಲೋಚನೆ ಇರುತ್ತದೆ, ಆದರೆ ಮನಸ್ಸು ಹೊಯ್ದಾಡುತ್ತಿರುತ್ತದೆ. ಮೂರನೆಯದು ಸಿದ್ಧತೆ, ಒಂದು ತಿಂಗಳೊಳಗೆ ಬಿಡುವ ನಿರ್ಧಾರ ಆಗಿರುತ್ತದೆ. ನಾಲ್ಕನೆಯದು ಕೃತಿಗಿಳಿಯುವ ಹಂತ. ಐದನೆಯದು ಬಿಟ್ಟು ಆರು ತಿಂಗಳು ಕಳೆದ ಮೇಲೆ ಆ ಬದಲಾವಣೆಯನ್ನು ಉಳಿಸಿಕೊಂಡು ಹೋಗುವ ಹಂತ.

ಇದರ ಮಹತ್ವ ಅಂಕಿ ಅಂಶ ನೋಡಿದರೆ ತಿಳಿಯುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಗಳ ಪ್ರಕಾರ ಧೂಮಪಾನಿಗಳಲ್ಲಿ ಸುಮಾರು ಶೇ. 40 ಮಂದಿ ಮೊದಲನೆಯ ಹಂತದಲ್ಲಿ, ಇನ್ನೂ ಶೇ. 40 ಮಂದಿ ಎರಡನೆಯದರಲ್ಲಿ ಇದ್ದರು. ಬಿಡಲು ಸಿದ್ಧರಾಗಿದ್ದವರು ಕೇವಲ ಶೇ. 20. ಆದರೆ ಅಂದಿನ ಶಿಬಿರ, ಔಷಧಿ, ಸಲಹೆಗಳೆಲ್ಲ ಬಹುಪಾಲು ಈ ಶೇ. 20 ಮಂದಿಗಾಗಿಯೇ ರೂಪುಗೊಂಡಿದ್ದವು. ಉಳಿದವರನ್ನು "ಹಟಮಾರಿಗಳು" ಎಂದು ಕೈಬಿಡಲಾಗುತ್ತಿತ್ತು. ಪ್ರೊಚಾಸ್ಕಾ ಅವರ ತಂದೆಯೂ ಅಂಥವರಲ್ಲೊಬ್ಬರು ಎಂಬುದನ್ನು ಇಲ್ಲಿ ನೆನೆಯಬೇಕು.

ಮನಸ್ಸಿನ ಲಾಭ-ನಷ್ಟದ ಲೆಕ್ಕ

ಒಂದು ಹಂತದಿಂದ ಇನ್ನೊಂದಕ್ಕೆ ಮನುಷ್ಯ ದಾಟುವುದು ಹೇಗೆ? ಇರ್ವಿಂಗ್ ಜಾನಿಸ್ ಮತ್ತು ಲಿಯಾನ್ ಮ್ಯಾನ್ ಎಂಬ ವಿದ್ವಾಂಸರು ಯಾವುದೇ ನಿರ್ಧಾರದ ಹಿಂದೆ ಒಂದು ಆಯವ್ಯಯ ಪಟ್ಟಿ ಇರುತ್ತದೆ ಎಂದಿದ್ದರು. ವೇಯ್ನ್ ವೆಲಿಸರ್ ಮೊದಲಾದ ಸಹೋದ್ಯೋಗಿಗಳೊಂದಿಗೆ ಪ್ರೊಚಾಸ್ಕಾ ಅವರು ಇದನ್ನು ಹಂತಗಳಿಗೆ ಹೊಂದಿಸಿ ನೋಡಿದರು. 1994ರಲ್ಲಿ ಅವರ ತಂಡ ಹನ್ನೆರಡು ಬಗೆಯ ನಡವಳಿಕೆಗಳ ಲೆಕ್ಕ ಹಾಕಿತು. ಧೂಮಪಾನ, ತೂಕ ಇಳಿಸುವುದು, ವ್ಯಾಯಾಮ, ಸ್ತನ ಕ್ಯಾನ್ಸರಿನ ಮ್ಯಾಮೊಗ್ರಾಮ್ ತಪಾಸಣೆ ಮಾತ್ರವಲ್ಲದೆ, ಧೂಮಪಾನಿ ರೋಗಿಗಳಿಗೆ ವೈದ್ಯರು ತಿಳಿಹೇಳುತ್ತಾರೆಯೇ ಎಂಬುದೂ ಅದರಲ್ಲಿ ಸೇರಿತ್ತು!

ಮೊದಲನೆಯ ಹಂತದಲ್ಲಿದ್ದವರ ಲೆಕ್ಕದಲ್ಲಿ ಹನ್ನೆರಡರಲ್ಲೂ ಬದಲಾವಣೆಯ ನಷ್ಟವೇ ಹೆಚ್ಚು ಕಂಡುಬಂತು. ಕೃತಿಗಿಳಿದವರಲ್ಲಿ ಬಹುತೇಕ ಎಲ್ಲ ವಿಷಯಗಳಲ್ಲೂ ಲಾಭದ ತಕ್ಕಡಿ ತೂಗಿತ್ತು. ಅಂದರೆ ಲಾಭ ಮನಸ್ಸಿಗೆ ಬರುವ ಮೊದಲೇ "ನಾಳೆಯಿಂದಲೇ ಬಿಡು" ಎಂದು ಒತ್ತಾಯಿಸಿದರೆ, ಕೇಳುವವನ ಲೆಕ್ಕದಲ್ಲಿ ಅದು ಬರೀ ನಷ್ಟದ ವ್ಯವಹಾರ. ಆದುದರಿಂದ ಮೊದಲ ಹಂತಗಳಲ್ಲಿ ತಿಳಿವಳಿಕೆ, ಆಪ್ತರ ಬೆಂಬಲ, ತನ್ನ ಬಗ್ಗೆ ತಾನು ಯೋಚಿಸುವ ಅವಕಾಶ ಬೇಕು. ಸಿಗರೇಟು ಕಣ್ಣಿಗೆ ಬೀಳದಂತೆ ಮಾಡುವುದು, ಅದರ ಬದಲಿಗೆ ಬೇರೆ ಅಭ್ಯಾಸ ಹಚ್ಚಿಕೊಳ್ಳುವುದು, ಗೆದ್ದ ದಿನಕ್ಕೆ ತನಗೆ ತಾನೇ ಬಹುಮಾನ ಕೊಟ್ಟುಕೊಳ್ಳುವುದು ಇವೆಲ್ಲ ನಂತರದ ಹಂತಗಳಿಗೆ ಎಂಬುದು ಅವರ ಸಲಹೆಯಾಗಿತ್ತು. ಗಣಕಯಂತ್ರದ ನೆರವಿನಿಂದ ಪ್ರತಿಯೊಬ್ಬ ಧೂಮಪಾನಿಯ ಹಂತಕ್ಕೆ ತಕ್ಕ ಪ್ರತ್ಯೇಕ ಸಲಹಾ ವರದಿ ಸಿದ್ಧಪಡಿಸುವ ಪ್ರಯೋಗವನ್ನೂ ತಂಡ ನಡೆಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿತು.

ಜಾರಿದರೆ ಸೋಲಲ್ಲ

ಚಟ ಬಿಟ್ಟು ಮತ್ತೆ ಹಿಡಿದವರ ಸಂಕಟ ಅನುಭವಿಸಿದವರಿಗೇ ಗೊತ್ತು. ಮನೆಯಲ್ಲಿ ಅವಮಾನ, ಗೆಳೆಯರಲ್ಲಿ ಗೇಲಿ. ಡಿಕ್ಲೆಮೆಂಟೆ ಮತ್ತು ಜಾನ್ ನಾರ್‌ಕ್ರಾಸ್ ಅವರೊಂದಿಗೆ 1992ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಪ್ರೊಚಾಸ್ಕಾ ಇದಕ್ಕೆ ಸಮಾಧಾನದ ಉತ್ತರ ನೀಡಿದ್ದಾರೆ. ಸಿಗರೇಟನ್ನು ಶಾಶ್ವತವಾಗಿ ಬಿಟ್ಟವರು ಅದಕ್ಕೂ ಮೊದಲು ಸರಾಸರಿ ಮೂರು ನಾಲ್ಕು ಬಾರಿ ಪ್ರಯತ್ನಿಸಿರುತ್ತಾರೆ. ಜಾರಿದವರಲ್ಲಿ ಸುಮಾರು ಶೇ. 15 ಮಂದಿ ಮಾತ್ರ ಮೊದಲನೆಯ ಹಂತಕ್ಕೆ ಮರಳುತ್ತಾರೆ. ಉಳಿದವರು ಪುನಃ ಆಲೋಚನೆ ಅಥವಾ ಸಿದ್ಧತೆಯ ಹಂತದಲ್ಲೇ ಇರುತ್ತಾರೆ. ಆದುದರಿಂದ ಇದು ನೇರ ಏಣಿಯಲ್ಲ, ಸುರುಳಿ ಮೆಟ್ಟಿಲು. ಸುತ್ತು ಬಂದಂತೆ ಕಂಡರೂ ಕಲಿತ ಪಾಠ ಜತೆಗಿರುತ್ತದೆ ಎಂಬುದು ಅವರ ವಿವರಣೆ. ಇದೇ ವಿಚಾರವನ್ನು ಜನಸಾಮಾನ್ಯರಿಗಾಗಿ ಮೂವರೂ ಸೇರಿ 1994ರಲ್ಲಿ ಪುಸ್ತಕವಾಗಿ ಹೊರತಂದರು.

ಟೀಕೆಯ ಪರೀಕ್ಷೆ

ಇಷ್ಟೆಲ್ಲ ಪ್ರಸಿದ್ಧಿ ಪಡೆದ ಸಿದ್ಧಾಂತಕ್ಕೆ ವಿರೋಧವೂ ಅಷ್ಟೇ ಬಲವಾಗಿ ಬಂತು. ಆರು ತಿಂಗಳು, ಒಂದು ತಿಂಗಳು ಎಂಬ ಗಡಿಗಳಿಗೆ ಆಧಾರವೇನು? ಯಾವ ಯೋಚನೆಯೂ ಇಲ್ಲದೆ ಒಮ್ಮೆಲೇ ಬಿಟ್ಟವರೂ ಇದ್ದಾರಲ್ಲ? ಇಂತಹ ಪ್ರಶ್ನೆಗಳನ್ನೆತ್ತಿ, ಈ ಮಾದರಿಗೆ ವಿದಾಯ ಹೇಳುವ ಕಾಲ ಬಂದಿದೆ ಎಂದು 2005ರಲ್ಲಿ ಬ್ರಿಟನ್ನಿನ ಮನಃಶಾಸ್ತ್ರಜ್ಞ ರಾಬರ್ಟ್ ವೆಸ್ಟ್ ನೇರವಾಗಿಯೇ ಬರೆದರು. 2010ರಲ್ಲಿ ಕಾಕ್ರೇನ್ ಸಂಸ್ಥೆ 41 ಪ್ರಯೋಗಗಳನ್ನು, 33,000ಕ್ಕೂ ಹೆಚ್ಚು ಮಂದಿಯ ಫಲಿತಾಂಶಗಳನ್ನು ಒಟ್ಟಾಗಿ ಪರಿಶೀಲಿಸಿತು. ಸಲಹೆ, ಸಹಾಯದಿಂದ ಪ್ರಯೋಜನವಿದೆ ನಿಜ. ಆದರೆ ಹಂತ ನೋಡಿ ಕೊಟ್ಟರೂ, ನೋಡದೆ ಕೊಟ್ಟರೂ ಫಲ ಹೆಚ್ಚುಕಡಿಮೆ ಒಂದೇ ಎಂಬುದು ಅದರ ತೀರ್ಮಾನವಾಗಿತ್ತು.

ಹಾಗಾದರೆ ಉಳಿದದ್ದೇನು? ಸಿದ್ಧನಿಲ್ಲದವನೂ ಸಹಾಯಕ್ಕೆ ಅರ್ಹ ಎಂಬ ತತ್ವ ಉಳಿಯಿತು. ಸಿದ್ಧನಾಗುವವರೆಗೆ ಕಾದು ಕುಳಿತುಕೊಳ್ಳಿ ಎಂಬುದು ಇದರ ಅರ್ಥವಲ್ಲ ಎಂಬುದನ್ನೂ ಮೇಲಿನ ಪರಿಶೀಲನೆ ಸ್ಪಷ್ಟಪಡಿಸುತ್ತದೆ. ಸಹಾಯವನ್ನು ಎಲ್ಲರಿಗೂ ನೀಡಬೇಕು, ಕೇಳುವವನ ಮನಸ್ಥಿತಿ ಅರಿತು ಮಾತನಾಡಬೇಕು. ನಮ್ಮ ದೇಶದ ವ್ಯಸನಮುಕ್ತಿ ಸಲಹಾಕಾರರ ತರಬೇತಿಯಲ್ಲೂ ಈ ಹಂತಗಳ ಪಾಠ ಇರುವುದಕ್ಕೆ ಇದೇ ಕಾರಣ.

ನಮಗೂ ಇದೆ ಪಾಠ

ಭಾರತದಲ್ಲಿ 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 28.6 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2009-10ರಲ್ಲಿ ಇದು ಶೇ. 34.6 ಇತ್ತು. ಅದೇ ಸಮೀಕ್ಷೆಯಲ್ಲಿ ಧೂಮಪಾನಿಗಳ ಪೈಕಿ ಶೇ. 55.4 ಮಂದಿ, ಹೊಗೆರಹಿತ ತಂಬಾಕು ಬಳಸುವವರಲ್ಲಿ ಶೇ. 49.6 ಮಂದಿ ಬಿಡುವ ಯೋಜನೆ ಅಥವಾ ಯೋಚನೆಯಲ್ಲಿದ್ದರು. ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಮನಸ್ಸಿದೆ, ದಾರಿ ಬೇಕಾಗಿದೆ. ಉಳಿದರ್ಧಕ್ಕೆ ಮನಸ್ಸಾಗುವಂತೆ ಯಾರಾದರೂ ತಾಳ್ಮೆಯಿಂದ ಮಾತನಾಡಬೇಕಾಗಿದೆ. ತಂಬಾಕು ಬಿಡಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆ 1800-11-2356 ಅನ್ನು 2018ರಿಂದ ತಂಬಾಕು ಪೊಟ್ಟಣಗಳ ಮೇಲೆಯೇ ಮುದ್ರಿಸಲಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡಾ ಈ ಸೇವೆಯಲ್ಲಿ ಕೈಜೋಡಿಸಿದ್ದು, ಕನ್ನಡದಲ್ಲಿ ಮಾತನಾಡುವ ಅನುಕೂಲ ಒದಗಿದೆ.

ನಮ್ಮ ಸಂಘ ಸಂಸ್ಥೆಗಳು ಹಮ್ಮಿಕೊಳ್ಳುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಪ್ರಮಾಣ ನೋಡಿ ಚೀಟಿ ಬರೆದುಕೊಟ್ಟರೆ ಕೆಲಸ ಮುಗಿಯಿತೆಂದು ಭಾವಿಸುವುದುಂಟು. ಅದೇ ಮೇಜಿನ ಪಕ್ಕ ಒಂದು ಕುರ್ಚಿ ಹಾಕಿ, "ಬಿಡುವ ಯೋಚನೆ ಏನಾದರೂ ಇದೆಯೇ? ಬಿಟ್ಟರೆ ನಿಮಗೆ ಆಗುವ ಲಾಭವೇನು, ಕಷ್ಟವೇನು?" ಎಂದು ಕೇಳಿ ಹತ್ತು ನಿಮಿಷ ಆಲಿಸುವವರೊಬ್ಬರು ಇದ್ದರೆ ಶಿಬಿರದ ಸಾರ್ಥಕತೆ ಇಮ್ಮಡಿಯಾದೀತು. ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ಪತ್ನಿ ಜಾನಿಸ್ ಪ್ರೊಚಾಸ್ಕಾ ಅವರೂ ಇದೇ ಕ್ಷೇತ್ರದಲ್ಲಿ ದುಡಿದವರು. 2016ರಲ್ಲಿ ದಂಪತಿ ಜತೆಯಾಗಿ ಇನ್ನೊಂದು ಪುಸ್ತಕ ಬರೆದರು. 2023ರ ಜುಲೈಯಲ್ಲಿ ಡಾ| ಪ್ರೊಚಾಸ್ಕಾ ನಿಧನ ಹೊಂದಿದರು. ತಂದೆಯನ್ನು ಉಳಿಸಿಕೊಳ್ಳಲು ಅವರಿಂದಾಗಲಿಲ್ಲ. ಆದರೆ ಅಂತಹ ತಂದೆಯಂದಿರ ಜತೆ ಹೇಗೆ ಮಾತನಾಡಬೇಕು ಎಂಬುದನ್ನು ಅವರು ಮುಂದಿನವರಿಗೆ ಕಲಿಸಿ ಹೋಗಿದ್ದಾರೆ.