ತ್ರೈರಾಶಿಕವೂ ಸಲೈನಿನ ಹನಿಲೆಕ್ಕವೂ

ಹೈದರಾಬಾದಿನ ನರ್ಸಿಂಗ್ ಕಾಲೇಜುಗಳಲ್ಲಿ ಬೋಧನೆ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಅಲ್ಲಿಗೆ ಬಂದ ವಿದ್ಯಾರ್ಥಿಗೆ, ರಕ್ತನಾಳದ ಮೂಲಕ ಕೊಡುವ ದ್ರವದ ವೇಗವನ್ನು ನಿರ್ಣಯಿಸುವ ಸೂತ್ರವು ಬಾಯಿಪಾಠ ಮಾಡಬೇಕಾದ ಅನ್ಯವಸ್ತುವಾಗಿ ತೋರುವುದು ಸಹಜ. ಅದು ನಮ್ಮ ಪ್ರಾಚೀನ ಗಣಿತಗ್ರಂಥಗಳ ತ್ರೈರಾಶಿಕವೇ ಎಂಬುದನ್ನು ಇಲ್ಲಿ ತೋರಿಸಬಯಸುತ್ತೇವೆ.

ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಆ ಅರಸನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ಗ್ರಂಥವನ್ನು ತೆಲುಗಿಗೆ ತಂದವನು ಪಾವುಲೂರಿ ಮಲ್ಲನ. ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ರಚಿಸಿದವನು ಹನ್ನೆರಡನೆಯ ಶತಮಾನದ ರಾಜಾದಿತ್ಯ; ಸಾಹಿತ್ಯಚರಿತ್ರೆಗಳು ಇವನನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ಅನ್ಯಾಯವೆಂದೇ ನಮ್ಮ ಎಣಿಕೆ.

ತ್ರೈರಾಶಿಕದಲ್ಲಿ ಪ್ರಮಾಣ, ಫಲ, ಇಚ್ಛೆ ಎಂದು ಮೂರು ರಾಶಿಗಳು. ಪ್ರಮಾಣ ಮತ್ತು ಇಚ್ಛೆ ಸಜಾತೀಯವಾಗಿರಬೇಕು; ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. ವೈದ್ಯರು 500 ಮಿ.ಲೀ. ದ್ರವವನ್ನು 10 ಗಂಟೆಗಳಲ್ಲಿ ಕೊಡಲು ಬರೆದಿದ್ದಾರೆ, ನಳಿಕೆಯ ಪೊಟ್ಟಣದ ಮೇಲೆ ಮಿ.ಲೀ.ಗೆ 20 ಹನಿ ಎಂದು ಮುದ್ರಿತವಾಗಿದೆ ಎನ್ನೋಣ. 1 ಮಿ.ಲೀ.ಗೆ 20 ಹನಿಯಾದರೆ 500 ಮಿ.ಲೀ.ಗೆ 10,000 ಹನಿ. 600 ನಿಮಿಷಕ್ಕೆ 10,000 ಹನಿಯಾದರೆ 1 ನಿಮಿಷಕ್ಕೆ 16.67, ಅಂದರೆ ಸುಮಾರು 17. ಗಂಟೆಯನ್ನು ನಿಮಿಷಕ್ಕೆ ಇಳಿಸಿದ್ದು ಸಜಾತೀಯತೆಯ ನಿಯಮದಿಂದ. ಕಾಲೇಜಿನ ಸೂತ್ರದಲ್ಲಿ ಛೇದದಲ್ಲಿ ನಿಲ್ಲುವ 60 ಹುಟ್ಟಿದ್ದು ಹೀಗೆ.

ಇನ್ನೊಂದು 60 ಇದೆ, ಅಪಾಯವಿರುವುದು ಅಲ್ಲಿ. ಮಕ್ಕಳಿಗೆ ಬಳಸುವ ಸೂಕ್ಷ್ಮಹನಿಯ ನಳಿಕೆಯಲ್ಲಿ ಮಿ.ಲೀ.ಗೆ 60 ಹನಿ. ಆಗ ಎರಡು 60ಗಳೂ ಹೊಡೆದುಹೋಗಿ, ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ ಬರುತ್ತದೆ. ಮೇಲಿನ ಲೆಕ್ಕದಲ್ಲಿ 50. ಈ ಸುಲಭದ ದಾರಿಗೆ ಒಗ್ಗಿದ ಕೈ 20 ಹನಿಯ ನಳಿಕೆಯಲ್ಲಿಯೂ 50 ಹನಿ ಬಿಟ್ಟರೆ ಏನಾದೀತು? ಹನಿ ಹೆಚ್ಚಿದಂತೆ ಕಾಲ ಕುಗ್ಗುತ್ತದೆ. ಇದು ವ್ಯಸ್ತ ತ್ರೈರಾಶಿಕ. ಹತ್ತು ಗಂಟೆಯ ದ್ರವ 3 ಗಂಟೆ 20 ನಿಮಿಷಗಳಲ್ಲಿ ಒಳಸೇರುತ್ತದೆ. ಹೃದಯವೋ ಮೂತ್ರಪಿಂಡವೋ ದುರ್ಬಲವಾಗಿರುವ ರೋಗಿಯ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು.

ಇನ್‌ಫ್ಯೂಷನ್ ಪಂಪು ಇರುವಲ್ಲಿ ಹನಿ ಎಣಿಸುವ ಪ್ರಮೇಯವಿಲ್ಲ. ಗಂಟೆಗೆ 50 ಮಿ.ಲೀ. ಎಂದು ನಿಗದಿಪಡಿಸಿದರೆ ಸಾಕು. ಪಂಪಿಲ್ಲದ ವಾರ್ಡಿನಲ್ಲಿ ಮೊದಲು ಪೊಟ್ಟಣದ ಅಂಕಿಯನ್ನು ಓದಬೇಕು, ಬಳಿಕ ಗಡಿಯಾರ ನೋಡುತ್ತ ಪೂರ್ಣ ಒಂದು ನಿಮಿಷ ಹನಿ ಎಣಿಸಬೇಕು, ಗಂಟೆ ಕಳೆದಾಗ ಬಾಟಲಿಯಲ್ಲಿ 50 ಮಿ.ಲೀ. ಇಳಿದಿದೆಯೇ ಎಂದು ನೋಡಬೇಕು.