ನೆಲದಡಿಯ ಕೇಬಲಿಗೂ ನಾಡಿಪರೀಕ್ಷೆ

ಮಳೆಗಾಲದ ಒಂದು ರಾತ್ರಿ ಮುಂಬಯಿಯ ಯಾವುದೋ ಉಪನಗರದ ಬೀದಿಯಲ್ಲಿ ವಿದ್ಯುತ್ತು ಹೋಯಿತೆನ್ನೋಣ. ಲಿಫ್ಟು, ನೀರಿನ ಪಂಪು ನಿಲ್ಲುತ್ತವೆ. ಆಮ್ಲಜನಕದ ಯಂತ್ರವನ್ನು ನೆಚ್ಚಿಕೊಂಡ ರೋಗಿಯ ಮನೆಯವರಿಗೆ ಒಂದೊಂದು ನಿಮಿಷವೂ ಯುಗವಾಗುತ್ತದೆ. ಹೊರಗೆ ದುರಸ್ತಿಯವರು ಬಂದಿದ್ದರೂ ರಸ್ತೆಯನ್ನು ಕೂಡಲೇ ಅಗೆಯದೆ ಒಂದು ಪೆಟ್ಟಿಗೆಯ ಪರದೆಯನ್ನು ನೋಡುತ್ತಿರುವುದು ಹಲವರಿಗೆ ವಿಚಿತ್ರವೆನಿಸುತ್ತದೆ. ರಿಫ್ಲೆಕ್ಟೋಮೀಟರ್ ಎಂಬ ಆ ಉಪಕರಣವೇ ಈ ಲೇಖನದ ವಿಷಯ.

ಮುಂಬಯಿಯಲ್ಲಿ ವಿದ್ಯುತ್ತು ಬಹುಮಟ್ಟಿಗೆ ನೆಲದಡಿಯ ಕೇಬಲುಗಳಲ್ಲೇ ಹರಿಯುತ್ತದೆ. ಜಾಯಿಂಟಿನೊಳಗೆ ನೀರು ಇಳಿದೋ, ಬೇರೊಂದು ಕೆಲಸಕ್ಕೆ ಅಗೆದವರ ಗುದ್ದಲಿ ತಗುಲಿಯೋ ಕೇಬಲು ಕೆಡುವುದುಂಟು. ದೋಷ ಎಲ್ಲಿದೆಯೆಂದು ಕಣ್ಣಿಗೆ ಕಾಣದು.

ವೈದ್ಯರ ಸೋನೋಗ್ರಫಿ ಯಂತ್ರ ಶಬ್ದತರಂಗವನ್ನು ಕಳುಹಿಸಿ ಪ್ರತಿಧ್ವನಿಯನ್ನು ಆಲಿಸುವಂತೆ, ಇಲ್ಲಿ ಸರಬರಾಜು ಕಡಿದು ಸುರಕ್ಷಿತಗೊಳಿಸಿದ ಕೇಬಲಿಗೆ ಕ್ಷಣಿಕ ವಿದ್ಯುತ್ ಸ್ಪಂದವೊಂದನ್ನು ಕಳುಹಿಸುತ್ತಾರೆ. ತಂತಿ ತುಂಡಾಗಿದ್ದರೆ ಅದು ನೇರವಾಗಿ, ಶಾರ್ಟ್ ಆಗಿದ್ದರೆ ತಲೆಕೆಳಗಾಗಿ ಮರಳುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕೇಬಲಿನಲ್ಲಿ ಸ್ಪಂದದ ವೇಗ ಮೈಕ್ರೊಸೆಕೆಂಡಿಗೆ ಸುಮಾರು 160 ಮೀಟರು. 6 ಮೈಕ್ರೊಸೆಕೆಂಡಿನಲ್ಲಿ ಮರಳಿದರೆ ಹೋಗಿಬಂದ ದಾರಿ 960 ಮೀಟರು. ಅಂದರೆ ದೋಷ 480 ಮೀಟರು ದೂರದಲ್ಲಿದೆ.

ಆದರೆ ಉಪಕರಣವು ಪ್ರತಿಧ್ವನಿಯನ್ನು ಎಡೆಬಿಡದೆ ನೋಡುವುದಿಲ್ಲ. ನಿಯತ ಅಂತರದಲ್ಲಿ ಅಳೆದು ಗುರುತಿಸುತ್ತದೆ. ಈ ಒಂದೊಂದು ಅಳತೆಯೇ ಸ್ಯಾಂಪಲ್. 50 ನ್ಯಾನೊಸೆಕೆಂಡಿಗೊಂದು ಸ್ಯಾಂಪಲ್ ತೆಗೆದರೆ ಪರದೆಯ ಒಂದು ಹೆಜ್ಜೆ 4 ಮೀಟರು. 10 ನ್ಯಾನೊಸೆಕೆಂಡಿಗೊಂದಾದರೆ 0.8 ಮೀಟರು. ಹಾಗಾದರೆ ಸದಾ ಸೂಕ್ಷ್ಮವಾದುದನ್ನೇ ಆರಿಸಬಾರದೇಕೆ? ಇದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು ಉದ್ದ. 800 ಮೀಟರಿನ ಕೇಬಲಿಗೆ 10 ನ್ಯಾನೊಸೆಕೆಂಡಿನಂತೆ 1000 ಸ್ಯಾಂಪಲುಗಳು ಸಾಕು. 8 ಕಿಲೋಮೀಟರಿಗೆ 10,000 ಬೇಕು. ನೆನಪಿನ ಶಕ್ತಿ ಕಡಿಮೆಯಿರುವ ಉಪಕರಣದಲ್ಲಿ ದೂರದ ತುದಿಯೇ ಕಾಣದಾಗುತ್ತದೆ.

ಎರಡನೆಯದು ಸ್ಪಂದದ ಅಗಲ. 100 ನ್ಯಾನೊಸೆಕೆಂಡಿನ ಸ್ಪಂದವು 8 ಮೀಟರಿಗಿಂತ ಹತ್ತಿರವಿರುವ ಎರಡು ಪ್ರತಿಧ್ವನಿಗಳನ್ನು ಒಂದಾಗಿ ಬೆರೆಸುತ್ತದೆ. ದೋಷಕ್ಕೆ 6 ಮೀಟರು ಹಿಂದೆ ಹಳೆಯ ಜಾಯಿಂಟ್ ಇದ್ದರೆ, ಎಷ್ಟು ದಟ್ಟವಾಗಿ ಸ್ಯಾಂಪಲ್ ತೆಗೆದರೂ ಅವು ಸುಲಭವಾಗಿ ಬೇರ್ಪಡವು. ಸ್ಪಂದವನ್ನು 40 ನ್ಯಾನೊಸೆಕೆಂಡಿಗೆ ಇಳಿಸಬೇಕು; ಆಗ ಸ್ಯಾಂಪಲಿನ ಅಂತರವೂ ಇಳಿಯಬೇಕು, ಇಲ್ಲವಾದರೆ ಆ ಕಿರುಸ್ಪಂದ ಎರಡು ಸ್ಯಾಂಪಲುಗಳ ನಡುವೆ ನುಸುಳಿಹೋದೀತು. ಕಿರುಸ್ಪಂದ ದೂರ ಹೋದಂತೆ ಬೇಗ ಕ್ಷೀಣಿಸುತ್ತದೆಂಬುದನ್ನೂ ಮರೆಯಬಾರದು.

ಮೂರನೆಯದೇ ಮುಖ್ಯ. ವೇಗದ ಅಂದಾಜಿನಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದ್ದರೂ 480 ಮೀಟರಿಗೆ 4.8 ಮೀಟರು ವ್ಯತ್ಯಾಸವಾಗುತ್ತದೆ. ಅಲ್ಲಿ 0.8 ಮೀಟರಿನ ಹೆಜ್ಜೆ ಬರಿಯ ಭ್ರಮೆ. ಆದುದರಿಂದ ಉದ್ದ ಗೊತ್ತಿರುವ ಅದೇ ಕೇಬಲಿನ ಒಳ್ಳೆಯ ತಂತಿಯ ತುದಿಯಿಂದ ಪ್ರತಿಧ್ವನಿ ಪಡೆದು ವೇಗವನ್ನು ಮೊದಲು ಸರಿಪಡಿಸಿಕೊಳ್ಳುವುದು ಲೇಸು.

ಒಟ್ಟಿನಲ್ಲಿ ಕ್ರಮವಿದು: ಅಗಲವಾದ ಸ್ಪಂದ, ವಿರಳ ಸ್ಯಾಂಪಲುಗಳಿಂದ ಕೇಬಲನ್ನು ಪೂರ್ತಿಯಾಗಿ ನೋಡಬೇಕು, ಶಂಕಿತ ಸ್ಥಳ ಸಿಕ್ಕಿದ ಮೇಲೆ ಕಿರಿದಾದ ಸ್ಪಂದ, ದಟ್ಟ ಸ್ಯಾಂಪಲುಗಳಿಂದ ಅಲ್ಲಿಯೇ ನಿಂತು ನೋಡಬೇಕು. ವೈದ್ಯರು ಮೊದಲು ಮೈಯೆಲ್ಲ ಪರೀಕ್ಷಿಸಿ ಆಮೇಲೆ ನೋವಿನ ಜಾಗವನ್ನು ಮುಟ್ಟುವಂತೆಯೇ ಇದು. ಕೇಬಲು ಕೆಲವೆಡೆ ಬಳಸಿ ಹೋಗಿರುವುದರಿಂದ ಕೊನೆಯ ಕೆಲವು ಮೀಟರುಗಳನ್ನು ನೆಲದ ಮೇಲೆಯೇ ನಿರ್ಣಯಿಸಬೇಕು. ಅದಕ್ಕಾಗಿ ಕೇಬಲಿಗೆ ಹೆಚ್ಚಿನ ವೋಲ್ಟೇಜಿನ ಹೊಡೆತ ಕೊಟ್ಟು, ದೋಷದ ಸ್ಥಳದಲ್ಲಿ ಏಳುವ ಸದ್ದನ್ನು ಮೈಕ್ರೊಫೋನಿನಿಂದ ಆಲಿಸುತ್ತಾರೆ.

ಪರದೆಯ ಮುಂದೆ ಕಳೆದ ಕಾಲು ಗಂಟೆ ವ್ಯರ್ಥವಲ್ಲ. ತಪ್ಪು ಜಾಗದಲ್ಲಿ ತೋಡಿದ ಒಂದು ಗುಂಡಿ ಆ ರೋಗಿಯ ಮನೆಯವರನ್ನು ಇನ್ನೂ ಹಲವು ಗಂಟೆ ಕತ್ತಲೆಯಲ್ಲಿರಿಸೀತು. ನಮ್ಮ ಹೌಸಿಂಗ್ ಸೊಸೈಟಿಗಳಾದರೂ ತಮ್ಮ ಆವರಣದೊಳಗಿನ ಕೇಬಲಿನ ದಾರಿ, ಉದ್ದ, ಜಾಯಿಂಟುಗಳ ಸ್ಥಾನವನ್ನು ನಕ್ಷೆಯಲ್ಲಿ ಬರೆದಿಟ್ಟುಕೊಂಡರೆ ಬಂದವರ ಅರ್ಧ ಕೆಲಸ ಹಗುರವಾದೀತು.