ಲಾಕ್‌ಡೌನ್‌ನಲ್ಲಿ ಗಾಳಿ ತಿಳಿಯಾಗಿದ್ದು ಹೇಗೆ? ಮತ್ತೆ ಕೆಟ್ಟಿದ್ದು ಯಾಕೆ?

ಬಳ್ಳಾರಿ: 2020ರ ಮಾರ್ಚ್ 25ರಿಂದ ದೇಶವೆಲ್ಲ ಬಂದ್ ಆಯ್ತು. ಗಾಳಿ ಶುದ್ಧವಾಯ್ತು ಅಂತ ಎಲ್ಲರೂ ಹೇಳಿದ್ರು. ಆದ್ರೆ ಎಲ್ಲ ಮಾಲಿನ್ಯವೂ ಒಂದೇ ರೀತಿ ಇಳಿಯಲಿಲ್ಲ.

ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಗಾಳಿಯಲ್ಲಿ ಕೆಲವೇ ಗಂಟೆ ಉಳಿಯುತ್ತೆ. ಹಾಗಾಗಿ ಗಾಡಿಗಳು ನಿಂತ ಕೂಡಲೇ ದೊಡ್ಡ ನಗರಗಳಲ್ಲಿ ಅದು ಬೇಗ ಇಳಿಯಿತು. ಲಾಕ್‌ಡೌನ್ ತೆರವಾಗಿ ಗಾಡಿಗಳು ಓಡಿದಾಗ ಮತ್ತೆ ಏರಿತು.

ಸಣ್ಣ ಕಣಗಳ ಕಥೆ ಬೇರೆ. ಪಿಎಂ 2.5 ಅನ್ನೋ ಕಣ ತಲೆಗೂದಲಿಗಿಂತ ಸುಮಾರು 30 ಪಟ್ಟು ಸಣ್ಣದು. ದಿನಗಟ್ಟಲೆ ತೇಲುತ್ತೆ, ಶ್ವಾಸಕೋಶದ ಆಳಕ್ಕೆ ಇಳಿಯುತ್ತೆ. ನಮ್ಮ ದೇಶದ ಮಿತಿ 24 ಗಂಟೆಗೆ ಘನ ಮೀಟರ್‌ಗೆ 60 ಮೈಕ್ರೋಗ್ರಾಂ. ಇದು ಗಾಡಿಯಿಂದ ಮಾತ್ರವಲ್ಲ, ಸೌದೆ ಒಲೆ, ಕಸ, ಭತ್ತದ ಹುಲ್ಲು ಸುಡೋದ್ರಿಂದಲೂ ಬರುತ್ತೆ. ಒಲೆಗಳು ಆರಲಿಲ್ಲ. ವಿದ್ಯುತ್ ಉತ್ಪಾದನೆಗೆ, ಕೃಷಿ ಕೆಲಸಕ್ಕೆ ವಿನಾಯಿತಿಯೂ ಇತ್ತು.

ಅಂಗಡಿ ಮುಚ್ಚಿ ಗಾಳಿ ಶುದ್ಧ ಮಾಡೋದು ಯಾರಿಗೂ ಬೇಡ. ಆ ದಿನಗಳ ಬಾಡಿಗೆ, ಸಾಲದ ಕಷ್ಟ ವ್ಯಾಪಾರಿಗಳಿಗೆ ಗೊತ್ತು. ಬಂದ್ ಇಲ್ಲದೆಯೂ ಮಾಡಬಹುದಾದದ್ದಿದೆ: ಬಳ್ಳಾರಿ, ಕುರುಗೋಡು ಪೇಟೆಯಲ್ಲಿ ಪ್ಲಾಸ್ಟಿಕ್, ರಟ್ಟು ಸುಡದೆ ಕಸದ ಗಾಡಿಗೆ ಕೊಡೋದು, ನೀರು ಚಿಮುಕಿಸಿ ಗುಡಿಸೋದು, ಸಿರುಗುಪ್ಪದ ಗದ್ದೆಗಳಲ್ಲಿ ಹುಲ್ಲನ್ನು ದನಗಳ ಮೇವಿಗೆ ಉಳಿಸೋದು. ಖರ್ಚು ಕಡಿಮೆ, ಉಸಿರು ನಮ್ಮದೇ.